ಕಪ್ಪೆಯ ತೊಗಲ ಕಾವಲು



ಮಳೆ ಹಿಡಿಯಿತೆಂದರೆ ಬಚ್ಚಲ ಮೂಲೆಯಲ್ಲಿ, ಬಾವಿಕಟ್ಟೆಯ ಬುಡದಲ್ಲಿ, ಹೂಕುಂಡದ ಅಡಿಯಲ್ಲಿ ಕಪ್ಪೆಗಳು ಕಾಣಿಸಿಕೊಳ್ಳುತ್ತವೆ. ಕಂಡೊಡನೆ ಮುಖ ಸಿಂಡರಿಸಿ ಪೊರಕೆ ಹುಡುಕುವವರೇ ಹೆಚ್ಚು. ತಣ್ಣನೆಯ, ಒದ್ದೆಯಾದ, ಲೋಳೆ ಸವರಿದಂಥ ಆ ಮೈಯನ್ನು ಮುಟ್ಟುವುದಿರಲಿ, ನೋಡಲೂ ಹಲವರಿಗೆ ಮನಸ್ಸಾಗದು. ಇಂದು ನಾನು ಮಾತಾಡಬೇಕೆಂದಿರುವುದು ಅದೇ ಮೈಯ ಬಗ್ಗೆ, ಅದೇ ಲೋಳೆಯ ಬಗ್ಗೆ. ಕಳೆದ ಕೆಲವು ದಶಕಗಳಲ್ಲಿ ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗಕ್ಕೆ ಸೇರಿದ ಒಂದು ಸೂಕ್ಷ್ಮಜೀವಿ, ಎಷ್ಟೋ ಹಳ್ಳಕೊಳ್ಳಗಳಲ್ಲಿ ಕಪ್ಪೆಯ ದನಿಯೇ ಇಲ್ಲದಂತೆ ಮಾಡಿದೆ. ಆ ರೋಗಕ್ಕೆ ತುತ್ತಾಗುವುದೂ ಈ ತೊಗಲೇ, ಅದಕ್ಕೆ ಎದುರು ನಿಲ್ಲುವುದೂ ಈ ತೊಗಲೇ.

ಕಪ್ಪೆಗೆ ತೊಗಲು ಎಂದರೆ ಏನೆಂಬುದನ್ನು ಮೊದಲು ನೋಡೋಣ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆಯೂರಿ ಕೂತು, ಹೊಟ್ಟೆಯ ಕೆಳಭಾಗದ ಮತ್ತು ತೊಡೆಯ ತೆಳು ಚರ್ಮದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಶ್ವಾಸಕೋಶವಿದ್ದರೂ ಉಸಿರಾಟದ ದೊಡ್ಡ ಪಾಲು ಚರ್ಮದ್ದೇ. ಕಪ್ಪೆಯ ದಾಯಾದಿಗಳಾದ ಸಲಾಮಾಂಡರ್‌ಗಳಲ್ಲಿ ಶ್ವಾಸಕೋಶವೇ ಇಲ್ಲದ ಒಂದು ದೊಡ್ಡ ಕುಟುಂಬವಿದೆ, ಅವು ಮುಖ್ಯವಾಗಿ ಚರ್ಮದಿಂದಲೇ ಉಸಿರಾಡುತ್ತವೆ. ರಕ್ತದಲ್ಲಿ ಎಷ್ಟು ಸೋಡಿಯಂ ಇರಬೇಕು, ಎಷ್ಟು ಪೊಟ್ಯಾಸಿಯಂ ಇರಬೇಕು ಎಂಬ ಲೆಕ್ಕಾಚಾರದಲ್ಲೂ ಚರ್ಮದ ಕೈವಾಡವಿದೆ. ಸುತ್ತಲಿನ ನೀರಿನಲ್ಲಿರುವ ಅಲ್ಪಸ್ವಲ್ಪ ಲವಣವನ್ನು ಅದು ಹಿಡಿದು ಒಳಗೆ ಸೆಳೆಯುತ್ತದೆ.

ಹೀಗಾಗಿ ಹಾವಿನಂತೆ ಒಣ ಹುರುಪೆಯನ್ನಾಗಲಿ, ಹಕ್ಕಿಯಂತೆ ಗರಿಯನ್ನಾಗಲಿ ಹೊದ್ದುಕೊಳ್ಳುವ ಅವಕಾಶ ಕಪ್ಪೆಗಿಲ್ಲ. ಮೈ ಮುಚ್ಚಿಕೊಂಡರೆ ಉಸಿರು ಕಟ್ಟುತ್ತದೆ, ದಾಹ ತೀರುವುದಿಲ್ಲ. ಜಗತ್ತಿಗೆ ತೆರೆದುಕೊಂಡೇ ಬದುಕಬೇಕು, ತೆರೆದುಕೊಂಡೇ ರೋಗವನ್ನೂ ತಡೆಯಬೇಕು. ಅದು ಸಾಧ್ಯವಾಗುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಈಗ ರೋಗದ ಕಥೆಗೆ ಬರುತ್ತೇನೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನ ಮಳೆಕಾಡುಗಳಲ್ಲೂ ಮಧ್ಯ ಅಮೆರಿಕದ ಬೆಟ್ಟಗಳಲ್ಲೂ ಕಪ್ಪೆಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ನುಂಗಿದ ಮೊಟ್ಟೆಗಳನ್ನು ಹೊಟ್ಟೆಯೊಳಗೇ ಮರಿಮಾಡಿ, ಬಾಯಿಂದ ಹೊರಬಿಡುತ್ತಿದ್ದ ಒಂದು ಅಪೂರ್ವ ಕಪ್ಪೆ ಕ್ವೀನ್ಸ್‌ಲೆಂಡ್‌ನಲ್ಲಿತ್ತು. 1981ರ ನಂತರ ಅದನ್ನು ಕಾಡಿನಲ್ಲಿ ಕಂಡವರಿಲ್ಲ. ಕೊಡಲಿ ಬೀಳದ, ಗದ್ದೆಯ ವಿಷ ಹರಿಯದ, ಸರ್ಕಾರದ ರಕ್ಷಣೆಯಲ್ಲಿದ್ದ ಕಾಡುಗಳಲ್ಲೇ ಹೀಗಾಗುತ್ತಿದ್ದುದು ಎಲ್ಲರನ್ನೂ ದಿಗಿಲುಗೊಳಿಸಿತು. 1998ರಲ್ಲಿ ಲೀ ಬರ್ಗರ್ ಮತ್ತು ಅವರ ಸಂಗಡಿಗರು ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕ ಎರಡೂ ಕಡೆ ಸತ್ತ ಕಪ್ಪೆಗಳ ಚರ್ಮದಲ್ಲಿ ಒಂದೇ ಬಗೆಯ ಶಿಲೀಂಧ್ರವನ್ನು ಕಂಡು ಪ್ರಕಟಿಸಿದರು. ಮರುವರ್ಷ, 1999ರಲ್ಲಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ಒಂದು ನೀಲಿ ವಿಷಗಪ್ಪೆಯಿಂದ ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಿದ ಜಾಯ್ಸ್ ಲಾಂಗ್‌ಕೋರ್ ಮತ್ತು ಸಂಗಡಿಗರು ಅದಕ್ಕೆ ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಎಂಬ ಹೆಸರಿಟ್ಟರು. ನಾವು ಸುಲಭವಾಗಿ ಕೈಟ್ರಿಡ್ ಎನ್ನೋಣ.

ಕೈಟ್ರಿಡ್ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರ ಬೀಜಾಣುವಿಗೆ ಒಂದು ಬಾಲವಿದೆ. ಮಿಲಿಮೀಟರಿನ 200ರಲ್ಲಿ ಒಂದು ಭಾಗವೂ ಇಲ್ಲದ ಆ ಕಣ ನೀರಿನಲ್ಲಿ ಈಜಿಕೊಂಡು ಬಂದು ಕಪ್ಪೆಯ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಾಲವನ್ನು ಒಳಗೆಳೆದುಕೊಂಡು, ಸುತ್ತ ಗೋಡೆ ಕಟ್ಟಿಕೊಂಡು, ಒಂದು ಸಣ್ಣ ನಾಳವನ್ನು ಚರ್ಮದ ಜೀವಕೋಶದೊಳಕ್ಕೆ ತೂರಿಸುತ್ತದೆ. ಬಳಿಕ ಆ ಜೀವಕೋಶದಲ್ಲೇ ಬೆಳೆದು ಚೀಲದಂತೆ ಊದಿಕೊಳ್ಳುತ್ತದೆ. ಚರ್ಮದ ಜೀವಕೋಶಗಳು ಕೆಳಗಿನಿಂದ ಮೇಲಕ್ಕೆ ಸರಿಯುತ್ತಾ ಹೊರಪದರವಾಗುವುದು ಸಹಜ ಕ್ರಮ. ಶಿಲೀಂಧ್ರ ಆ ಕ್ರಮವನ್ನೇ ಬಳಸಿಕೊಳ್ಳುತ್ತದೆ. ಜೀವಕೋಶ ಹೊರಮೈಗೆ ಬರುವ ಹೊತ್ತಿಗೆ ಚೀಲವೂ ಬಲಿತಿರುತ್ತದೆ, ಅದರ ಬಾಯಿ ಹೊರಗೆ ತೆರೆದುಕೊಳ್ಳುತ್ತದೆ, ಹೊಸ ಬೀಜಾಣುಗಳು ನೀರಿಗೆ ಇಳಿಯುತ್ತವೆ. ಇಷ್ಟೆಲ್ಲ ಮುಗಿಯಲು ಕೆಲವೇ ದಿನ ಸಾಕು. ಗೊದಮೊಟ್ಟೆಗಳಿಗೆ ರೋಗ ತಗುಲಿದರೂ ಸಾಮಾನ್ಯವಾಗಿ ಅದು ಬಾಯಿಯ ಗಟ್ಟಿ ಭಾಗಗಳಿಗೆ ಸೀಮಿತ. ಅವು ಕಾಲು ಮೂಡಿ ಮರಿಗಪ್ಪೆಗಳಾಗಿ ಮೈಯ ಹೊರಪದರ ಬಲಿಯುತ್ತಿದ್ದಂತೆ ರೋಗ ಮೈತುಂಬ ಹಬ್ಬುತ್ತದೆ.

ಚರ್ಮಕ್ಕೆ ಬಂದ ಬೇನೆ ಪ್ರಾಣವನ್ನೇ ತೆಗೆಯುವುದು ಹೇಗೆ ಎಂಬ ಪ್ರಶ್ನೆ ಬಹುಕಾಲ ಬಗೆಹರಿದಿರಲಿಲ್ಲ. 2009ರಲ್ಲಿ ಜೇಮೀ ವಾಯ್ಲ್ಸ್ ಮತ್ತು ತಂಡದವರು ಆಸ್ಟ್ರೇಲಿಯಾದ ಹಸಿರು ಮರಗಪ್ಪೆಗಳನ್ನು ಪರೀಕ್ಷಿಸಿ ಉತ್ತರ ಕೊಟ್ಟರು. ರೋಗ ಬಲಿತ ಕಪ್ಪೆಗಳಲ್ಲಿ ಚರ್ಮದ ಮೂಲಕ ಲವಣ ಸಾಗುವ ಪ್ರಮಾಣ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ರಕ್ತದಲ್ಲಿ ಸೋಡಿಯಂ ಶೇಕಡಾ 20ರಷ್ಟು, ಪೊಟ್ಯಾಸಿಯಂ ಶೇಕಡಾ 50ರಷ್ಟು ಕುಸಿದಿತ್ತು. ಕೊನೆಗೆ ಹೃದಯ ನಿಂತುಹೋಗುತ್ತಿತ್ತು. ಮೇಲ್ನೋಟಕ್ಕೆ ಚರ್ಮ ಒಂದಿಷ್ಟು ದಪ್ಪಗಾಗಿ, ಬಣ್ಣಗೆಟ್ಟು, ಪೊರೆ ಏಳುತ್ತಿರುವಂತೆ ಕಂಡರೂ ಒಳಗೆ ಎದೆಬಡಿತದ ಲಯವೇ ತಪ್ಪಿರುತ್ತಿತ್ತು.

ಈ ರೋಗದ ಒಟ್ಟು ಲೆಕ್ಕವನ್ನು 2019ರಲ್ಲಿ ವಿಜ್ಞಾನಿಗಳು ಮುಂದಿಟ್ಟರು. ಕನಿಷ್ಠ 501 ಜಾತಿಯ ಉಭಯಚರಗಳು ಇದರಿಂದ ಇಳಿಮುಖವಾಗಿವೆ, ಅವುಗಳಲ್ಲಿ 90 ಜಾತಿಗಳು ಅಳಿದುಹೋಗಿವೆ ಅಥವಾ ಅಳಿದಿರಬಹುದು. ಒಂದೇ ರೋಗ ಇಷ್ಟೊಂದು ಜಾತಿಗಳ ಜೀವಿಗಳಿಗೆ ಕುತ್ತಾದ ಇನ್ನೊಂದು ಉದಾಹರಣೆ ದಾಖಲೆಯಲ್ಲಿಲ್ಲ.

ಹಾಗಿದ್ದೂ ಕಪ್ಪೆಗಳು ಉಳಿದಿವೆ. ಒಂದೇ ತೊರೆಯಲ್ಲಿ ಒಂದು ಜಾತಿ ಅಳಿದರೆ ಇನ್ನೊಂದು ಜಾತಿ ಆರಾಮವಾಗಿದೆ. ಇದಕ್ಕೆ ಕಾರಣ ಹುಡುಕುತ್ತಾ ಹೋದವರಿಗೆ ತೊಗಲಿನ ಕಾವಲಿನ ಒಂದೊಂದೇ ಪದರ ಕಾಣಿಸಿತು.

ಮೊದಲನೆಯದು ಗ್ರಂಥಿಗಳದ್ದು. ಕಪ್ಪೆಯ ಚರ್ಮದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಒಂದು ಬಗೆ ಸದಾ ಲೋಳೆಯನ್ನು ಒಸರಿಸುತ್ತಾ ಮೈಯನ್ನು ತೇವವಾಗಿಡುತ್ತದೆ. ಇನ್ನೊಂದು ಬಗೆಯ ಗ್ರಂಥಿಯಲ್ಲಿ ಸಣ್ಣ ಸಣ್ಣ ಹರಳುಗಳಂತೆ ರಾಸಾಯನಿಕಗಳು ತುಂಬಿರುತ್ತವೆ. ಕಪ್ಪೆ ಬೆದರಿದಾಗ, ಗಾಯಗೊಂಡಾಗ ನರಗಳ ಸಂಕೇತ ತಲುಪಿ, ಗ್ರಂಥಿಯ ಸುತ್ತಲಿನ ಸ್ನಾಯು ಹಿಂಡಿಕೊಂಡು, ಒಳಗಿದ್ದುದೆಲ್ಲ ಚರ್ಮದ ಮೇಲೆ ಚೆಲ್ಲುತ್ತದೆ.

ಅಲ್ಲಿ ಏನಿದೆ ಎಂಬುದನ್ನು ತೋರಿಸಿದವರಲ್ಲಿ ಮೈಕೇಲ್ ಝಾಸ್ಲಾಫ್ ಪ್ರಮುಖರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಅವರು ತಮ್ಮ ಸಂಶೋಧನೆಗಾಗಿ ಆಫ್ರಿಕಾದ ಉಗುರುಗಪ್ಪೆಗಳ ಹೊಟ್ಟೆ ಕೊಯ್ದು ಅಂಡಗಳನ್ನು ತೆಗೆದು, ಹೊಲಿಗೆ ಹಾಕಿ ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರು ರೋಗಾಣುಗಳಿಂದ ತುಂಬಿದ್ದರೂ ಗಾಯ ಕೀವಾಗದೆ ಮಾಗುತ್ತಿತ್ತು. ದಿನವೂ ಕಣ್ಣೆದುರೇ ನಡೆಯುತ್ತಿದ್ದ ಈ ಸಂಗತಿಯನ್ನು ಅವರು ಹಗುರವಾಗಿ ಬಿಡಲಿಲ್ಲ. ಚರ್ಮವನ್ನು ಶೋಧಿಸಿ 1987ರಲ್ಲಿ ಮಗೈನಿನ್ ಎಂಬ ಎರಡು ಪೆಪ್ಟೈಡ್‌ಗಳನ್ನು ಬೇರ್ಪಡಿಸಿದರು. ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಂಡು. ಮಗೈನಿನ್‌ನಲ್ಲಿರುವುದು ಬರೀ 23 ಅಮೈನೋ ಆಮ್ಲಗಳ ಸರ. ಅದಕ್ಕೆ ಧನ ವಿದ್ಯುದಂಶವಿದೆ, ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ ವಿದ್ಯುದಂಶವಿದೆ. ಹೀಗಾಗಿ ಪೆಪ್ಟೈಡ್ ನೇರವಾಗಿ ಹೋಗಿ ಪೊರೆಗೆ ಅಂಟಿಕೊಂಡು ಅದನ್ನು ತೂತು ಮಾಡುತ್ತದೆ, ಜೀವಕೋಶ ಒಡೆಯುತ್ತದೆ.

ಕೈಟ್ರಿಡ್ ವಿರುದ್ಧವೂ ಇಂಥ ಪೆಪ್ಟೈಡ್‌ಗಳು ಕೆಲಸ ಮಾಡುತ್ತವೆ ಎಂಬುದನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲೂಯಿಸ್ ರಾಲಿನ್ಸ್-ಸ್ಮಿತ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ತೋರಿಸಿಕೊಟ್ಟಿದ್ದಾರೆ. ಗ್ರಂಥಿಗಳನ್ನು ಮೊದಲೇ ಬರಿದುಮಾಡಿದ ಕಪ್ಪೆಗಳಿಗೆ ಸೋಂಕು ಹೆಚ್ಚು ತಗುಲುವುದೂ ಕಂಡುಬಂದಿದೆ. ಆದರೆ ಎಲ್ಲ ಕಪ್ಪೆಗಳಿಗೂ ಒಂದೇ ಬಗೆಯ ಮದ್ದಿಲ್ಲ. ಜಾತಿಯಿಂದ ಜಾತಿಗೆ ಪೆಪ್ಟೈಡ್‌ಗಳು ಬೇರೆ. ಕೆಲವು ಜಾತಿಗಳಲ್ಲಿ ಹಲವಾರಿವೆ, ಕೆಲವುಗಳಲ್ಲಿ ಬಹಳ ಕಡಿಮೆ. ಒಂದೇ ತೊರೆಯಲ್ಲಿ ಒಬ್ಬರು ಉಳಿದು ಇನ್ನೊಬ್ಬರು ಅಳಿಯುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಪದರ ಪೊರೆ ಬಿಡುವುದು. ಕಪ್ಪೆ ಆಗಾಗ ತನ್ನ ಚರ್ಮದ ತೀರ ಹೊರಗಿನ ಪದರವನ್ನು ಕಳಚುತ್ತದೆ. ಬೆನ್ನು ಉಬ್ಬಿಸಿ, ಕಾಲುಗಳಿಂದ ಮೈ ಉಜ್ಜಿಕೊಂಡು, ಕಳಚಿದ ಪೊರೆಯನ್ನು ಬಾಯಿಗೆ ಎಳೆದುಕೊಂಡು ನುಂಗಿಬಿಡುತ್ತದೆ. ಪೊರೆಯ ಜೊತೆಗೆ ಅದರಲ್ಲಿ ನೆಲೆಯೂರಿದ ಸೂಕ್ಷ್ಮಜೀವಿಗಳೂ ಮೈಯಿಂದ ಹೋಗುತ್ತವೆ. ಸೋಂಕು ಇನ್ನೂ ಸ್ವಲ್ಪವಿರುವಾಗ ಇದು ಒಳ್ಳೆಯ ಉಪಾಯ. ರೋಗ ಬಲಿತ ಮೇಲೆ ಪೊರೆ ಬಿಡುವುದು ಇನ್ನೂ ಹೆಚ್ಚುತ್ತದೆ. ಆಗ ಲವಣದ ಸಮತೋಲ ತಪ್ಪಿದ ಚರ್ಮಕ್ಕೆ ಅದೇ ಮತ್ತೊಂದು ಹೊರೆಯಾಗುತ್ತದೆ.

ಮೂರನೆಯ ಪದರ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು. ಇಲ್ಲಿ ಕಾಯುವವರು ಹೊರಗಿನವರು. ಕಪ್ಪೆಯ ಲೋಳೆಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಅಮೆರಿಕದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ರೀಡ್ ಹ್ಯಾರಿಸ್ ಮತ್ತು ಸಂಗಡಿಗರು ಸಲಾಮಾಂಡರ್‌ಗಳ ಮೈಮೇಲಿನ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೆಳೆಸಿ, ಶಿಲೀಂಧ್ರದ ಎದುರು ಇಟ್ಟು ನೋಡಿದರು. ಕೆಲವು ಬ್ಯಾಕ್ಟೀರಿಯಾಗಳ ಸುತ್ತ ಶಿಲೀಂಧ್ರ ಬೆಳೆಯಲೇ ಇಲ್ಲ. ಅವುಗಳಲ್ಲಿ ಒಂದು ಜಾಂತಿನೊಬ್ಯಾಕ್ಟೀರಿಯಂ ಲಿವಿಡಂ. ಗಾಢ ನೇರಳೆ ಬಣ್ಣದ ಈ ಬ್ಯಾಕ್ಟೀರಿಯಾ ವಯೋಲಸೀನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಆ ನೇರಳೆ ಬಣ್ಣವೇ ಶಿಲೀಂಧ್ರಕ್ಕೆ ವಿಷ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿಯಿದೆ. ಕಾಸಿದ ಹಾಲನ್ನು ಹಾಗೇ ಬಿಟ್ಟರೆ ಕೆಡುತ್ತದೆ, ಹೆಪ್ಪು ಹಾಕಿದರೆ ಮೊಸರಾಗಿ ಉಳಿಯುತ್ತದೆ. ಹೆಪ್ಪಿನೊಳಗಿನ ಬ್ಯಾಕ್ಟೀರಿಯಾಗಳು ಹಾಲನ್ನೆಲ್ಲ ಆವರಿಸಿ ಹುಳಿಯನ್ನು ಬಿಟ್ಟು, ಕೆಡಿಸುವ ಜೀವಿಗಳಿಗೆ ಎಡೆಯಿಲ್ಲದಂತೆ ಮಾಡುತ್ತವೆ. ಕಪ್ಪೆಯ ಲೋಳೆಯಲ್ಲೂ ಒಳ್ಳೆಯ ಬ್ಯಾಕ್ಟೀರಿಯಾಗಳು ಜಾಗ ಹಿಡಿದು ಕೂತು, ತಮ್ಮ ರಾಸಾಯನಿಕವನ್ನು ಬಿಟ್ಟು, ಶಿಲೀಂಧ್ರಕ್ಕೆ ನೆಲೆ ತಪ್ಪಿಸುತ್ತವೆ.

ಇದು ಬರೀ ಗಾಜಿನ ತಟ್ಟೆಯಲ್ಲಿ ಕಂಡ ಸತ್ಯವೋ, ಜೀವಂತ ಕಪ್ಪೆಯ ಮೈಮೇಲೂ ನಿಲ್ಲುವ ಮಾತೋ ಎಂದು ತಿಳಿಯಲು ಹ್ಯಾರಿಸ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳ ಹಳದಿಗಾಲಿನ ಕಪ್ಪೆಯನ್ನು ಆಯ್ದುಕೊಂಡರು. ಬೆಟ್ಟದ ತಣ್ಣನೆಯ ಸರೋವರಗಳಲ್ಲಿ ಒಂದು ಕಾಲಕ್ಕೆ ತುಂಬಿಕೊಂಡಿದ್ದ ಈ ಕಪ್ಪೆಗಳು ಕೈಟ್ರಿಡ್‌ನಿಂದ ಸರೋವರ ಸರೋವರವೇ ಖಾಲಿಯಾಗುವಂತೆ ಸತ್ತಿದ್ದವು. ಶಿಲೀಂಧ್ರದೊಂದಿಗೆ ಹೇಗೋ ಬಾಳುತ್ತಿದ್ದ ಕೆಲವು ಗುಂಪುಗಳಲ್ಲಿ ಮಾತ್ರ, ರೋಗ ತಡೆಯುವ ಬ್ಯಾಕ್ಟೀರಿಯಾ ಹೊತ್ತ ಕಪ್ಪೆಗಳ ಪಾಲು ಹೆಚ್ಚಿದ್ದುದನ್ನು ಮೊದಲೇ ಗಮನಿಸಲಾಗಿತ್ತು. ಪ್ರಯೋಗಾಲಯದಲ್ಲಿ ಕೆಲವು ಕಪ್ಪೆಗಳನ್ನು ನೇರಳೆ ಬ್ಯಾಕ್ಟೀರಿಯಾ ಬೆರೆಸಿದ ನೀರಿನಲ್ಲಿಟ್ಟು, ಆಮೇಲೆ ಶಿಲೀಂಧ್ರ ತಗುಲಿಸಿದರು. ಇನ್ನು ಕೆಲವಕ್ಕೆ ಶಿಲೀಂಧ್ರ ಮಾತ್ರ. ಬ್ಯಾಕ್ಟೀರಿಯಾ ಪಡೆದ ಕಪ್ಪೆಗಳು ಸೊರಗಲಿಲ್ಲ, ಸಾಯಲಿಲ್ಲ. ಅವುಗಳ ಚರ್ಮದಲ್ಲಿ ವಯೋಲಸೀನ್ ಹೇರಳವಾಗಿತ್ತು. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮರುವರ್ಷ ಕೆಂಬೆನ್ನಿನ ಸಲಾಮಾಂಡರ್‌ಗಳ ಮೈಯಿಂದ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡಿ ನೋಡಿದಾಗ ರೋಗದ ಬಾಧೆ ಹೆಚ್ಚಿತು. ಲೋಳೆಯೊಳಗಿನ ಈ ಜೀವಿಗಳೂ ಕಪ್ಪೆಯ ರೋಗನಿರೋಧದ ಒಂದು ಭಾಗವೇ ಎಂಬುದು ಹೀಗೆ ಎರಡೂ ಕಡೆಯಿಂದ ಖಚಿತವಾಯಿತು.

ಆದರೆ ಒಂದು ಕಡೆ ಕೂಡಿದ ಹೆಪ್ಪು ಎಲ್ಲ ಕಡೆಯೂ ಕೂಡುವುದಿಲ್ಲ. ಪನಾಮಾದ ಚಿನ್ನದ ಬಣ್ಣದ ಕಪ್ಪೆ ಆ ದೇಶಕ್ಕೆ ಕೀರ್ತಿ ತಂದ ಪ್ರಾಣಿ. ಕಾಡಿನಲ್ಲಿ ಅದು ಕಾಣದಾಯಿತು, ಮೃಗಾಲಯಗಳ ಆಸರೆಯಲ್ಲಿ ಬದುಕಿ ಉಳಿಯಿತು. ಅದಕ್ಕೂ ಇದೇ ನೇರಳೆ ಬ್ಯಾಕ್ಟೀರಿಯಾವನ್ನು ಕೊಟ್ಟು ನೋಡಿದರು. ಕೆಲವು ವಾರ ಕಳೆಯುವಷ್ಟರಲ್ಲಿ ಬ್ಯಾಕ್ಟೀರಿಯಾ ಆ ಚರ್ಮದಲ್ಲಿ ನಿಲ್ಲದೆ ಕ್ಷೀಣಿಸಿತು, ಕಪ್ಪೆಗಳು ಸತ್ತವು. ಒಂದೊಂದು ಜಾತಿಯ ಲೋಳೆಗೂ ತನ್ನದೇ ಸ್ವಭಾವ, ತನ್ನದೇ ಒಕ್ಕಲು. ಅಲ್ಲಿ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾವೇ ಅಲ್ಲಿ ನಿಲ್ಲಬೇಕು. ಈಗ ಸಂಶೋಧಕರು ಆಯಾ ಜಾತಿಯಲ್ಲಿ ಬದುಕುಳಿದ ಕಪ್ಪೆಗಳ ಮೈಯಿಂದಲೇ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹುಡುಕುತ್ತಿರುವುದು ಇದೇ ಕಾರಣಕ್ಕೆ.

ಒಳಗಿನ ರಕ್ಷಣಾ ವ್ಯವಸ್ಥೆ, ಅಂದರೆ ರಕ್ತದ ಬಿಳಿಕಣಗಳು ಏನು ಮಾಡುತ್ತಿರುತ್ತವೆ ಎಂದು ನೀವು ಕೇಳಬಹುದು. ಕೈಟ್ರಿಡ್ ಅವುಗಳನ್ನೂ ಕಟ್ಟಿಹಾಕುತ್ತದೆ. ಅದು ಸ್ರವಿಸುವ ವಸ್ತುಗಳು ಲಿಂಫೊಸೈಟ್ ಎಂಬ ಬಿಳಿಕಣಗಳನ್ನು ನಿಷ್ಕ್ರಿಯಗೊಳಿಸಿ ಕೊಲ್ಲುತ್ತವೆ ಎಂಬುದು 2013ರಲ್ಲಿ ತಿಳಿಯಿತು. ಹೀಗಿರುವಾಗ ಚರ್ಮದ ಮೇಲಿನ ಕಾವಲಿನ ಬೆಲೆ ಇನ್ನಷ್ಟು ಹೆಚ್ಚು. ಆದರೂ ಒಳಗಿನ ಪಡೆಯನ್ನು ಪೂರ್ತಿ ಕೈಬಿಡಬೇಕಿಲ್ಲ. ಅದಕ್ಕೆ ಬೇಕಾದದ್ದು ಸ್ವಲ್ಪ ಬಿಸಿಲು, ಸ್ವಲ್ಪ ಬಿಡುವು.

ಕೈಟ್ರಿಡ್‌ಗೆ ತಂಪು ಹಿತ. 17ರಿಂದ 25 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಬೆಳೆಯುತ್ತದೆ, 28 ಡಿಗ್ರಿ ದಾಟಿದರೆ ಸೊರಗುತ್ತದೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಆಂಥನಿ ವಾಡ್ಲ್ ಮತ್ತು ತಂಡದವರು ಈ ದೌರ್ಬಲ್ಯವನ್ನೇ ಹಿಡಿದುಕೊಂಡರು. ತೂತುಗಳಿರುವ ಸಾಮಾನ್ಯ ಇಟ್ಟಿಗೆಗಳನ್ನು ಪೇರಿಸಿ, ಅದರ ಮೇಲೆ ಚಿಕ್ಕ ಹಸಿರುಮನೆಯೊಂದನ್ನು ನಿಲ್ಲಿಸಿದರು. ಚಳಿಗಾಲದಲ್ಲೂ ಇಟ್ಟಿಗೆ ಬಿಸಿಲಿಗೆ ಕಾಯುತ್ತಿತ್ತು. ಹಸಿರು ಮತ್ತು ಚಿನ್ನದ ಬಣ್ಣದ ಗಂಟೆಗಪ್ಪೆಗಳು ತಾವಾಗಿಯೇ ಆ ತೂತುಗಳಿಗೆ ಹೋಗಿ ಬೆಚ್ಚಗೆ ಕೂತವು. ಅವುಗಳ ಸೋಂಕು ಇಳಿಯಿತು. ಒಮ್ಮೆ ಹೀಗೆ ಗುಣವಾದ ಕಪ್ಪೆಗಳು ಮುಂದೆ ತಂಪಿನಲ್ಲಿದ್ದಾಗಲೂ ರೋಗವನ್ನು ಚೆನ್ನಾಗಿ ತಡೆದುಕೊಂಡವು. 2024ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ಅಂಗಡಿಯಲ್ಲಿ ಸಿಗುವ ಇಟ್ಟಿಗೆ, ಬಿಟ್ಟಿ ಸಿಗುವ ಬಿಸಿಲು, ಯಾರು ಬೇಕಾದರೂ ಕಟ್ಟಬಹುದಾದ ಒಂದು ಗೂಡು.

ಕಪ್ಪೆಗಳು ತಾವೇ ಚೇತರಿಸಿಕೊಂಡ ಸುದ್ದಿಗಳೂ ಇವೆ. ಪನಾಮಾದ ಎಲ್ ಕೊಪೆ ಎಂಬಲ್ಲಿಗೆ 2004ರಲ್ಲಿ ರೋಗ ಬಂದು ಕಪ್ಪೆಗಳು ಸಾಲುಸಾಲಾಗಿ ಸತ್ತಿದ್ದವು. ವರ್ಷಗಳ ನಂತರ ಪನಾಮಾದಲ್ಲಿ ಕೆಲವು ಜಾತಿಗಳು ಮತ್ತೆ ಕಾಣಿಸಿಕೊಂಡವು. ಶಿಲೀಂಧ್ರ ತನ್ನ ಕಸುವು ಕಳೆದುಕೊಂಡಿದೆಯೋ ಎಂದು ಪರೀಕ್ಷಿಸಿದರೆ, ಅದು ಮೊದಲಿನಷ್ಟೇ ಮಾರಕವಾಗಿತ್ತು. ಬದಲಾದದ್ದು ಕಪ್ಪೆ. ರೋಗ ಬರುವ ಮುನ್ನಿನ ಕಪ್ಪೆಗಳಿಗಿಂತ ಈಗಿನವುಗಳ ಚರ್ಮದ ಸ್ರಾವ ಶಿಲೀಂಧ್ರವನ್ನು ಹೆಚ್ಚು ಚೆನ್ನಾಗಿ ತಡೆಯುತ್ತಿತ್ತು. ಇದು 2018ರ ವರದಿ. ಸಿಯೆರಾ ನೆವಾಡದಲ್ಲೂ ರೋಲಂಡ್ ನ್ಯಾಪ್ ಮತ್ತು ಸಂಗಡಿಗರು, ರೋಗಕ್ಕೆ ಬಗ್ಗದೆ ಉಳಿದ ಗುಂಪುಗಳಿಂದ ಹಳದಿಗಾಲಿನ ಕಪ್ಪೆಗಳನ್ನು ತಂದು ಯೊಸೆಮಿಟಿಯ ಖಾಲಿ ಸರೋವರಗಳಲ್ಲಿ ಮತ್ತೆ ನೆಲೆಗೊಳಿಸಿದ್ದಾರೆ.

ಇನ್ನು ನಮ್ಮ ಸಹ್ಯಾದ್ರಿಯ ಮಾತು. ಪಶ್ಚಿಮ ಘಟ್ಟದ ಕಪ್ಪೆಗಳ ಚರ್ಮವನ್ನು ಹತ್ತಿಯ ಕಡ್ಡಿಯಿಂದ ಮೃದುವಾಗಿ ಸವರಿ, ಅದರಲ್ಲಿನ ಡಿಎನ್‌ಎಯನ್ನು ಪರೀಕ್ಷಿಸಿದ ಸಂಶೋಧಕರಿಗೆ ಕೈಟ್ರಿಡ್ ಇಲ್ಲಿಯೂ ಸಿಕ್ಕಿದೆ. ಆದರೆ ಪನಾಮಾದಲ್ಲಿ, ಆಸ್ಟ್ರೇಲಿಯಾದಲ್ಲಿ ಕಂಡಂಥ ಸಾಮೂಹಿಕ ಸಾವು ಇಲ್ಲಿ ವರದಿಯಾಗಿಲ್ಲ. ಶಿಲೀಂಧ್ರದ ವಂಶವೃಕ್ಷವನ್ನು ಬಿಡಿಸಿದ 2018ರ ಅಧ್ಯಯನ ಅದರ ಮೂಲವನ್ನು ಪೂರ್ವ ಏಷ್ಯಾದಲ್ಲಿ, ಕೊರಿಯಾ ಪರ್ಯಾಯ ದ್ವೀಪದ ಸುತ್ತಮುತ್ತ ಗುರುತಿಸಿದೆ. ಏಷ್ಯಾದ ಕಪ್ಪೆಗಳು ಇದರೊಂದಿಗೆ ಬಹುಕಾಲ ಬಾಳಿ ಪಳಗಿರಬಹುದು ಎಂಬುದು ವಿಜ್ಞಾನಿಗಳ ಊಹೆ. ನಮ್ಮ ಕಪ್ಪೆಗಳ ಲೋಳೆಯಲ್ಲೂ ಸತ್ವವಿದೆ. ಪಶ್ಚಿಮ ಘಟ್ಟದ ಒಂದು ಕಪ್ಪೆಯ ಚರ್ಮದಲ್ಲಿ ದೊರೆತ ಉರುಮಿನ್ ಎಂಬ ಪೆಪ್ಟೈಡ್ ಕೆಲವು ಬಗೆಯ ಫ್ಲೂ ವೈರಸ್‌ಗಳನ್ನು ನಾಶಮಾಡುತ್ತದೆಂದು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ತೋರಿಸಿದ್ದಾರೆ.

ಹಾಗೆಂದು ನಾವು ನಿಶ್ಚಿಂತರಾಗಿ ಕೂರುವಂತಿಲ್ಲ. ಕೈಟ್ರಿಡ್ ಸಾಗರಗಳನ್ನು ಈಜಿ ದಾಟಲಿಲ್ಲ. ಸಾಕಲು, ತಿನ್ನಲು, ಪ್ರಯೋಗಕ್ಕೆ ಬಳಸಲು ಜನ ಕಪ್ಪೆಗಳನ್ನು ಹಡಗಿನಲ್ಲಿ, ವಿಮಾನದಲ್ಲಿ ದೇಶದಿಂದ ದೇಶಕ್ಕೆ ಸಾಗಿಸಿದರು. ಅವುಗಳ ಜೊತೆಗೆ ರೋಗವೂ ಹೋಯಿತು. ಅದರ ಸೋದರ ಜಾತಿಯ ಇನ್ನೊಂದು ಶಿಲೀಂಧ್ರ ನೆದರ್ಲೆಂಡ್ಸ್‌ನ ಬೆಂಕಿ ಸಲಾಮಾಂಡರ್‌ಗಳನ್ನು ಕೊಂದು 2013ರಲ್ಲಿ ಬೆಳಕಿಗೆ ಬಂತು. ಅದೂ ಏಷ್ಯಾದಿಂದ ಹೋದದ್ದೇ. ಪರಿಚಯವಿಲ್ಲದ ತಳಿಯೊಂದು ನಾಳೆ ನಮ್ಮ ಘಟ್ಟಕ್ಕೂ ಬರಬಹುದು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ತನ್ನ ಮೊಟ್ಟೆಗಳಿಗೆ ಮಣ್ಣು ಮೆತ್ತಿ ಕಾಪಾಡುವ ಕುಂಬಾರ ಕಪ್ಪೆಯನ್ನು ವಿಜ್ಞಾನ ಗುರುತಿಸಿದ್ದೇ 2014ರಲ್ಲಿ. ಇಂಥ ಎಷ್ಟೋ ಜೀವಿಗಳಿಗೆ ಈ ಕಾಡು ಬಿಟ್ಟರೆ ಬೇರೆ ಮನೆಯಿಲ್ಲ.

ಅದಕ್ಕಾಗಿ ನಿಮ್ಮಲ್ಲಿ ಕೆಲವು ವಿನಂತಿಗಳಿವೆ. ಚಾರಣಕ್ಕೆ ಹೋಗುವವರು ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಇಳಿಯುವ ಮುನ್ನ ಬೂಟಿನ ಕೆಸರು ತೊಳೆದು ಚೆನ್ನಾಗಿ ಒಣಗಿಸಿ. ಒಣಗಿದ ಮೇಲೆ ಕೈಟ್ರಿಡ್ ಬೀಜಾಣು ಬದುಕುವುದಿಲ್ಲ. ಒಂದು ಊರಿನ ಕಪ್ಪೆಯನ್ನಾಗಲಿ ಗೊದಮೊಟ್ಟೆಯನ್ನಾಗಲಿ ಇನ್ನೊಂದು ಊರಿನ ಕೆರೆಗೆ ಬಿಡಬೇಡಿ. ವಿದೇಶದ ಕಪ್ಪೆಗಳನ್ನು ಮನೆಯಲ್ಲಿ ಸಾಕುವ ಆಸೆಗೆ ಬೀಳಬೇಡಿ. ಸೊಳ್ಳೆ ಮುಲಾಮು ಸವರಿದ ಕೈಯಿಂದ ಕಪ್ಪೆಯನ್ನು ಹಿಡಿಯಬೇಡಿ, ನೀವು ಹಚ್ಚಿದ್ದನ್ನು ಅದರ ಚರ್ಮ ಕುಡಿದುಬಿಡುತ್ತದೆ. ಶಾಲೆಯ ಮೇಷ್ಟರುಗಳು ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಕಪ್ಪೆಯನ್ನು ದೂರದಿಂದ ತೋರಿಸಿ, ಅದರ ಲೋಳೆಯಲ್ಲಿ ಏನೇನಿದೆ ಎಂದು ಹೇಳಿ.

ಗ್ರಂಥಿಯ ಮದ್ದು, ಕಳಚುವ ಪೊರೆ, ಹಿಡಿಬಿಸಿಲು, ಜೊತೆಗೆ ಕಣ್ಣಿಗೆ ಕಾಣದ ನೂರಾರು ಸಂಗಾತಿಗಳು. ಇವೆಲ್ಲ ಕೂಡಿದರೆ ಕಪ್ಪೆಯ ತೊಗಲು ತೆರೆದುಕೊಂಡೂ ಕಾದುಕೊಳ್ಳಬಲ್ಲದು. ಅದಕ್ಕೆ ಬೇಕಾದ ಕಾಲವನ್ನು ಕೊಡುವುದು, ಹೊಸ ರೋಗವನ್ನು ಅದರ ಹಳ್ಳಕ್ಕೆ ತಂದು ಸುರಿಯದಿರುವುದು ನಮ್ಮ ಪಾಲಿನ ಕೆಲಸ. ಆ ಕೆಲಸ ನಮ್ಮ ಕೈಮೀರಿದ್ದಲ್ಲ.